ದಿನಕ್ಕೊಂದು ಗಟ್ಟಿ ಇಂಗ್ಲಿಷ್ ಪದ

ಇಂಗ್ಲಿಷ್ ಕಲಿಸುವವರಿಗೆ ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿ ಚೀಲ ಹೆಗಲಿಗೆ ಹಾಕಿಕೊಂಡು ಕ್ಲಾಸಿಗೆ ಬರುತ್ತದೆ, ಬಿಡುವಿದ್ದ ದಿನ ಮನೆ ಬಾಗಿಲಿಗೂ ಬರುತ್ತದೆ. ನಾನು ಅರವತ್ತರ ದಶಕದ ಕೊನೆಗೆ ಸಿರುಗುಪ್ಪದಲ್ಲಿ ಇಂಗ್ಲಿಷ್ ಟೀಚರಾಗಿ ಸೇರಿದೆ. ಆಮೇಲೆ ಕುರುಗೋಡು, ಕೊನೆಗೆ ಬಳ್ಳಾರಿ. ಎಲ್ಲೆಲ್ಲಿ ಹೋದರೂ ನನ್ನ ಹಿಂದೆ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳು ಬಂದವು. ಅವುಗಳ ಹಿಂದೆ ಪಜೀತಿಗಳೂ ಬಂದವು.

ಇದಕ್ಕೆಲ್ಲ ಮೂಲ ಸಿರುಗುಪ್ಪದ ನಮ್ಮ ಹೆಡ್‌ಮಾಸ್ಟರು. ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ ಓದಿದವರು. "ಕ್ಯಾಟು, ರ್‍ಯಾಟು ಎಲ್ಲಾರಿಗೂ ಬರ್ತೈತ್ರಿ ಟೀಚರ್. ಬೋರ್ಡಿನ ಮೂಲ್ಯಾಗ ದಿನಕ್ಕೊಂದು ಗಟ್ಟಿ ಪದ ಬರೀರಿ. ಹುಡುಗ್ರು ಅದನ್ನ ಬಾಯಾಗ ಆಡಬೇಕು" ಎಂದು ಅಪ್ಪಣೆ ಮಾಡಿದರು. ಹುಡುಗರು ಆಡಿಯೇ ಆಡಿದರು.

ಎಮ್ಮೆ

ಒಂದು ದಿನ 'ಇನ್‌ಡಿಸ್ಪೋಸ್ಡ್' ಎಂದು ಬರೆದೆ. ಮೈಯಲ್ಲಿ ಅಷ್ಟು ಹುಷಾರಿಲ್ಲ ಅನ್ನುವುದನ್ನು ದೊಡ್ಡವರು ಹೀಗೆ ಹೇಳುತ್ತಾರೆ ಎಂದು ವಿವರಿಸಿದೆ. ಮರುದಿನ ಬೆಳಿಗ್ಗೆ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ.

"ಅಕ್ಕೋರೆ, ರಜಾ ಬೇಕಾಗಿತ್ರಿ. ನಮ್ಮ ಎಮ್ಮಿ ಇನ್‌ಡಿಸ್ಪೋಸ್ಡ್ ಆಗೈತಿ. ದನದ ದವಾಖಾನಿಗೆ ಹೊಡಕೊಂಡು ಹೋಗಬೇಕು."

ಕಲಿಸಿದ ಪದ ಒಂದೇ ರಾತ್ರಿಯಲ್ಲಿ ಕೊಟ್ಟಿಗೆಯವರೆಗೆ ಹೋಗಿದೆಯಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಕೂಡಲೇ ರಜೆ ಕೊಟ್ಟೆ. ಎರಡು ದಿನ ಬಿಟ್ಟು ಹುಡುಗ ಬಂದ. ಆಗ ಹೆಡ್‌ಮಾಸ್ಟರೂ ಕ್ಲಾಸಿನಲ್ಲಿದ್ದರು.

"ಎಮ್ಮಿ ಹೆಂಗೈತಪ್ಪಾ?" ಎಂದೆ.

"ಡಿಸ್ಪೋಸ್ಡ್ ಆತ್ರಿ" ಎಂದ ಹುಡುಗ.

ಸತ್ತೇಹೋಯಿತೇ ಎಂದು ನಾನು ಸೀಮೆಸುಣ್ಣ ಕೆಳಗಿಟ್ಟೆ. ಹೆಡ್‌ಮಾಸ್ಟರು ಕನ್ನಡಕ ತೆಗೆದು, "ಪಾಪ, ಹಾಲು ಕೊಡೋ ಜೀವ" ಎಂದು ಕಣ್ಣು ಒರೆಸಿಕೊಂಡರು. ಹುಡುಗನಿಗೆ ಗಾಬರಿಯಾಯಿತು.

"ಸತ್ತಿಲ್ರೀ ಸಾರ್! ಸಂತ್ಯಾಗ ಮಾರಿಬಿಟ್ವಿ. 'ಇನ್' ಇದ್ರ ಜಡ್ಡು, 'ಇನ್' ತೆಗೆದ್ರ ಮಾರಿದ್ದು. ಹೌದಲ್ರೀ?"

ಹೆಡ್‌ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. "ಶಾಣ್ಯಾ ಅದೀಯಲೇ! ಎರಡೂ ಪದ ಸರಿ. ಅಲ್ಲಾ, ಜಡ್ಡಿನ ಎಮ್ಮೀನ ಯಾರ ಕೊಳ್ಳಿಗೆ ಕಟ್ಟಿದ್ರಿ? ಯಾವ ಪುಣ್ಯಾತ್ಮ ತಗೊಂಡ?"

ಹುಡುಗ ಬಾಗಿಲ ಕಡೆ ಒಮ್ಮೆ ನೋಡಿಕೊಂಡು ಹೇಳಿದ: "ನಿಮ್ಮ ಮನಿ ಅಮ್ಮಾರ ತಗೊಂಡ್ರಲ್ರೀ ಸಾರ್."

ಹೆಡ್‌ಮಾಸ್ಟರು ಮರುದಿನ ಸಾಲಿಗೆ ಬರಲಿಲ್ಲ. ಯಾರು ಇನ್‌ಡಿಸ್ಪೋಸ್ಡ್ ಎಂದು ಯಾರೂ ಕೇಳಲಿಲ್ಲ.

ಬಸ್ಸು

ಅದೇ ವರ್ಷ ಮಳೆಗಾಲದಲ್ಲಿ ಸ್ಕೂಲ್ ಇನ್‌ಸ್ಪೆಕ್ಟರು ಬಂದರು. ಮೈಸೂರಿನ ಕಡೆಯವರು, ಇಸ್ತ್ರಿ ಪ್ಯಾಂಟು, ಹೊಳೆಯುವ ಬೂಟು. ಬೋರ್ಡಿನ ಮೂಲೆಯಲ್ಲಿದ್ದ 'ಆಂಫಿಬಿಯಸ್' ನೋಡಿ ಹುಬ್ಬೇರಿಸಿದರು.

"ಏನು ಇದರ ಅರ್ಥ?"

"ನೆಲದ ಮ್ಯಾಲೂ ನೀರಿನ್ಯಾಗೂ ಇರೋದ್ರಿ" ಎಂದು ಇಡೀ ಕ್ಲಾಸು ಒಂದೇ ರಾಗದಲ್ಲಿ ಹೇಳಿತು.

"ಉದಾಹರಣೆ?"

"ಕಪ್ಪಿ ರೀ!"

"ಕಪ್ಪೆ ಪುಸ್ತಕದಲ್ಲೇ ಇದೆ. ಬೇರೆ ಹೇಳಿ ನೋಡೋಣ."

ಸಿರಿಗೇರಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ನಮ್ಮೂರ ಬಸ್ಸು ರೀ."

ಕ್ಲಾಸು ನಕ್ಕಿತು. ಇನ್‌ಸ್ಪೆಕ್ಟರು ನಗಲಿಲ್ಲ. "ತಪ್ಪು ಕಣಮ್ಮ. ಜೀವ ಇರೋದನ್ನ ಹೇಳಬೇಕು" ಎಂದು ಅವಳನ್ನು ಕೂರಿಸಿ, ನನ್ನ ಕಡೆ ಇದೇನು ಕಲಿಸಿದ್ದೀರಿ ಅನ್ನುವ ಹಾಗೆ ನೋಡಿದರು. ವರದಿಯಲ್ಲಿ ಏನು ಬರೆಯುತ್ತಾರೋ ಎಂದು ನಾನು ಮಧ್ಯಾಹ್ನದ ಬುತ್ತಿ ಬಿಚ್ಚದೆ ಪಾಠದ ಟಿಪ್ಪಣಿ ತಿದ್ದುತ್ತ ಕೂತೆ.

ಮಧ್ಯಾಹ್ನದ ಮೇಲೆ ಅವರಿಗೆ ಸಿರಿಗೇರಿಯ ಸಾಲಿ ನೋಡಲು ಹೋಗಬೇಕಾಗಿತ್ತು. ಬಸ್ಸು ಹತ್ತಿದರು. ಊರ ಹತ್ತಿರದ ಹಳ್ಳ ತುಂಬಿತ್ತು. ಡ್ರೈವರು ದಿನದ ರೂಢಿಯಂತೆ ನೀರಿಗೆ ಇಳಿಸಿದ. ಬಸ್ಸು ನಟ್ಟನಡುವೆ ಒಂದು ಸಲ ಕೆಮ್ಮಿ ನಿಂತಿತು. ಜನ ದಿನದ ರೂಢಿಯಂತೆ ಪಂಚೆ ಎತ್ತಿ ಕಟ್ಟಿ ಇಳಿದರು. ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಕಾದು, ಕೊನೆಗೆ ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ಮೊಣಕಾಲಿಗೇರಿಸಿ ತಾವೂ ಇಳಿದರು.

ಮನುಷ್ಯ ದೊಡ್ಡವರು. ಮರುದಿನ ನೇರ ನಮ್ಮ ಕ್ಲಾಸಿಗೇ ಬಂದರು. "ಎಲ್ಲಿ ಆ ಸಿರಿಗೇರಿ ಹುಡುಗಿ? ನಿನ್ನ ಉತ್ತರ ಸರಿ ಕಣಮ್ಮ. ನಿಮ್ಮೂರ ಬಸ್ಸು ಆಂಫಿಬಿಯಸ್ಸೇ."

ಹುಡುಗಿ ಎದ್ದು ನಿಂತು ಬಹಳ ಗೌರವದಿಂದ ಹೇಳಿದಳು: "ಇಲ್ರೀ ಸಾಹೇಬ್ರೆ, ನೀವು ಹೇಳಿದ್ದ ಖರೇ. ಬಸ್ಸು ನೀರಾಗ ಕೆಟ್ಟು ನಿಂತುಬಿಡ್ತು. ನೆಲದ ಮ್ಯಾಲೂ ನೀರಿನ್ಯಾಗೂ ನಡದವ್ರು ನೀವ ಅಂತ ನಮ್ಮಪ್ಪ ನೋಡಿ ಬಂದು ಹೇಳಿದ್ರು."

ಸಾವ್ಕಾರ್ರು

ಇದು ಬಳ್ಳಾರಿಯದು, ಬಹಳ ವರ್ಷದ ಮೇಲಿನ ಮಾತು. ನಮ್ಮ ಪಕ್ಕದ ಮನೆಯಲ್ಲಿ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರ ಗುಮಾಸ್ತರಿದ್ದರು. ವಯಸ್ಸು ನಲವತ್ತಾದ ಮೇಲೆ ಅವರಿಗೆ ಇಂಗ್ಲಿಷ್ ಹುಚ್ಚು ಹಿಡಿಯಿತು. ಒಂದು ಡಿಕ್ಷನರಿ ತಂದು 'ಎ'ಯಿಂದ ಬಾಯಿಪಾಠ ಶುರು ಮಾಡಿದರು. ಹೀಗಾಗಿ ಅವರು ಯಾವ ಅಕ್ಷರದಲ್ಲಿದ್ದಾರೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. 'ಎ' ನಡೆದಿದ್ದಾಗ ಹೆಂಡತಿ ಮಾಡಿದ ಸಾರು 'ಅಬಾಮಿನಬಲ್', ಅಂದರೆ ಅಸಹ್ಯ. 'ಬಿ' ಬಂದಾಗ ಅದೇ ಸಾರು 'ಬ್ಲಿಸ್‌ಫುಲ್', ಪರಮಾನಂದ.

ಅವರ ಹೆಂಡತಿ ಒಂದು ದಿನ ಕಾಂಪೌಂಡಿನ ಮೇಲಿಂದ ಇಣುಕಿ ಕೇಳಿದರು: "ಅಕ್ಕೋರೆ, ಬಾಯಿ ಮುಚ್ಚಿಕೊಂಡು ಸುಮ್ಮನ ಕುಂದ್ರೋದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ?"

"ಸೈಲೆನ್ಸ್."

"ಅದು ಯಾವ ಅಕ್ಷರಕ್ಕ ಬರ್ತೈತಿ?"

"ಎಸ್."

"ಅಯ್ಯ ಶಿವನೇ, ಇವ್ರು ಇನ್ನೂ 'ಸಿ'ದಾಗ ಅದಾರಲ್ರೀ!"

ಆ 'ಸಿ'ಯ ದಿನಗಳಲ್ಲೇ ನಾನು ಸೀರೆ ತರಲು ಅವರ ಅಂಗಡಿಗೆ ಹೋದೆ. ಸಾವ್ಕಾರ್ರು ಹಣೆತುಂಬ ವಿಭೂತಿ ಧರಿಸಿ ಗಾದಿಯ ಮೇಲೆ ಕುಳಿತು, ಗುಮಾಸ್ತರನ್ನು ಬೆಳಗಿನಿಂದ ಬಯ್ಯುತ್ತಿದ್ದರಂತೆ. ಬಟ್ಟೆಯ ಥಾನು ಸುತ್ತಿದ್ದು ಸರಿ ಇಲ್ಲ, ಗಿರಾಕಿಗೆ ನೀರು ಕೊಟ್ಟಿದ್ದು ತಡವಾಯಿತು, ಫ್ಯಾನು ಯಾಕೆ ಹಾಕಿದೆ, ಯಾಕೆ ಆರಿಸಿದೆ. ಗುಮಾಸ್ತರು ಎಲ್ಲ ಕೇಳಿಸಿಕೊಂಡು, ಎರಡೂ ಕೈ ಜೋಡಿಸಿ, ನಗುನಗುತ್ತ ಹೇಳಿದರು: "ಸಾವ್ಕಾರ್ರೆ, ಯೂ ಆರ್ ಕ್ಯಾಂಟ್ಯಾಂಕರಸ್!"

ಜಗಳಗಂಟ, ಸಿಡುಕ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪದ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ. ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ ಅವರದು. ಆಗ ಸಾವ್ಕಾರ್ರ ಕಣ್ಣು ನನ್ನ ಮೇಲೆ ಬಿತ್ತು.

"ಬರ್ರಿ ಅಕ್ಕೋರೆ, ಸರಿಯಾದ ಹೊತ್ತಿಗೆ ಬಂದ್ರಿ. ಇಂವ ಏನೋ ಅಂದ ನೋಡ್ರಿ. ಏನ್ರಿ ಹಂಗಂದ್ರ?"

ಗುಮಾಸ್ತರು ತಿರುಗಿ ನನ್ನನ್ನು ನೋಡಿದವರೇ ಕೈಯಲ್ಲಿದ್ದ ಬಿಳಿ ಥಾನಿಗಿಂತ ಬಿಳಿಚಿಕೊಂಡರು. ಮನೆಯಲ್ಲಿ ಮೂವರು ಮಕ್ಕಳು. ಇದ್ದ ಕೆಲಸ ಇದೊಂದೇ. ನಾನು ಸುಳ್ಳು ಹುಡುಕುತ್ತ ತೊದಲುತ್ತಿದ್ದಾಗ ಸಾವ್ಕಾರ್ರೇ ಕೈ ಎತ್ತಿ ತಡೆದರು.

"ಇರ್ರಿ, ನಾನ ಹೇಳ್ತೀನಿ. ಅದರಾಗ 'ಶಂಕರ' ಅಂದಂಗ ಕೇಳ್ತು. ಶಿವನ ಹೆಸರು ಇರಬೇಕಲ್ರೀ?"

"ಹೌದ್ರಿ" ಎಂದೆ, ಉಸಿರು ಬಿಟ್ಟು. "ಆದ್ರ ಉಗ್ರ ರೂಪದ್ದು."

ಸಾವ್ಕಾರ್ರ ಮುಖ ಅರಳಿತು. ಗುಮಾಸ್ತರಿಗೆ ಚಹಾ ತರಿಸಿದರು. ಅಲ್ಲಿಂದ ಮುಂದೆ ಬೊಂಬಾಯಿಯಿಂದ ಮಿಲ್ಲಿನ ಏಜೆಂಟರು ಬಂದಾಗಲೆಲ್ಲ ಎದೆ ಮೇಲೆ ಕೈಯಿಟ್ಟು, "ಐ ಯಾಮ್ ಕ್ಯಾಂಟ್ಯಾಂಕರಸ್" ಎಂದೇ ಪರಿಚಯ ಮಾಡಿಕೊಳ್ಳುತ್ತಿದ್ದರು. ಅವರೊಂದಿಗೆ ಒಂದು ಸಲವಾದರೂ ವ್ಯಾಪಾರ ಮಾಡಿದ್ದ ಏಜೆಂಟರು ಯಾರೂ 'ಅಲ್ಲ' ಅನ್ನಲಿಲ್ಲ.

ಹುಡುಗಿ

ಕುರುಗೋಡಿನದು ಹೇಳದಿದ್ದರೆ ಇದೆಲ್ಲ ಸಪ್ಪೆ. ಅಲ್ಲಿ ನನ್ನ ಕ್ಲಾಸಿನಲ್ಲಿ ಕಲಿತ ಹುಡುಗಿಯೊಬ್ಬಳಿದ್ದಳು. ಕಡ್ಡಿಯಂಥ ಮೈ, ಚಿನಕುರಳಿ ಮಾತು. ಅವಳ ಅಪ್ಪನದು ಹಿಟ್ಟಿನ ಗಿರಣಿ. ಹುಡುಗಿಗೆ ಬಳ್ಳಾರಿಯಿಂದ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡು ನೋಡಲು ಬರುವುದಿತ್ತು. ಗಿರಣಿಯವರು ಮೀಸೆಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ನನ್ನ ಮನೆಗೆ ಬಂದರು.

"ಅಕ್ಕೋರೆ, ಗಂಡಿನ ಸೋದರಮಾವ ರೈಲ್ವೆದಾಗ ಇದ್ದಾವ್ರಂತ. ಭಾರೀ ಇಂಗ್ಲಿಷಂತ. ನಾವೇನು ಹಳ್ಳಿ ಗಮಾರರು ಅನಬಾರದು. ನಮ್ಮ ಹುಡುಗಿ ಬಗ್ಗೆ ಹೇಳಾಕ ಒಂದು ಗಟ್ಟಿ ಪದ ಕೊಡ್ರಿ."

ನಾನು 'ವೈವೇಷಿಯಸ್' ಎಂದು ಕೊಟ್ಟೆ. ಲವಲವಿಕೆಯ ಹುಡುಗಿ ಎಂದು ಅರ್ಥ. ಅವರು ಅದನ್ನು ಗಿರಣಿ ನಡೆಸುತ್ತಲೇ ಬಾಯಿಪಾಠ ಮಾಡಿದರು. ಗಿರಣಿಯ ಸದ್ದಿನಲ್ಲಿ ತಮ್ಮ ಮಾತು ತಮಗೇ ಕೇಳುತ್ತಿರಲಿಲ್ಲ. ಆ ಸದ್ದಿನಲ್ಲಿ ಪದದ ಒಂದೆರಡು ಅಕ್ಷರ ಜೋಳದ ಜೊತೆ ಬೀಸಿಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಗಂಡಿನವರು ಬಂದರು. ನನ್ನನ್ನೂ ಕರೆದಿದ್ದರು. ಹುಡುಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಯ ತಟ್ಟೆಗಳನ್ನು ತಂದಿಡುತ್ತಿದ್ದಳು. ಅಪ್ಪ ಎದ್ದು, ಶರ್ಟು ಎಳೆದುಕೊಂಡು, ಗಿರಣಿಯಲ್ಲಿ ಕೂಗುವ ದನಿಯಲ್ಲೇ ಹೇಳಿದರು:

"ಮೈ ಡಾಟರ್ ಈಸ್ ವೊರೇಷಿಯಸ್!"

ನನ್ನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಸೋದರಮಾವ ಕಿವಿ ಮುಂದೆ ಮಾಡಿದರು. "ವಾಟ್?"

"ವೆರಿ, ವೆರಿ ವೊರೇಷಿಯಸ್! ಸಣ್ಣಾಕಿ ಇದ್ದಾಗಿಂದ್ಲೂ ಹಂಗರೀ. ಇಡೀ ಸಾಲ್ಯಾಗ ಆಕೀನ ಫಸ್ಟು. ಬೇಕಾದ್ರ ಅಕ್ಕೋರನ್ನ ಕೇಳ್ರಿ!"

ಗಂಡಿನ ತಾಯಿ ತಮ್ಮನ ತೋಳು ಜಗ್ಗಿ, "ಏನಂತಾರೋ ಅವ್ರು?" ಎಂದರು. ಜೀವಮಾನವೆಲ್ಲ ಇಂಜಿನ್ನಿನ ಪಕ್ಕ ಕಳೆದ ಆ ಮನುಷ್ಯನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ.

"ಹುಡುಗಿ ಹೊಟ್ಟಿಬಾಕಿ ಅಂತ ಅಕ್ಕಾ! ಎಷ್ಟು ಹಾಕಿದ್ರೂ ಸಾಲಂಗಿಲ್ಲಂತ!"

ಗಿರಣಿಯವರ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಒಳಗಿನಿಂದ ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಸಂಬಂಧ ಮುರಿದರೆ ಪಾಪ ನನ್ನ ಪದದ್ದೇ. ತಿದ್ದಲೆಂದು ಎದ್ದೆ. ಹುಡುಗಿ ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕುವ ನೆಪದಲ್ಲಿ ಬಾಗಿ, "ಅಕ್ಕೋರೆ, ತಡೀರಿ. ಹುಡುಗ ನನಗ ಒಪ್ಪಿಗಿ ಆಗ್ಯಾನ. ಅತ್ತಿ ಮಾರಿ ನೋಡ್ರಿ" ಎಂದು ಪಿಸುಗುಟ್ಟಿದಳು.

ನೋಡಿದೆ. ಗಂಡಿನ ತಾಯಿ ಹುಡುಗಿಯನ್ನು ಕಣ್ಣುತುಂಬ ನೋಡುತ್ತಿದ್ದರು.

"ಖರೇನ ಉಣ್ತಾಳೇನ್ರಿ?" ಎಂದರು. "ನಮ್ಮ ಮನಿಯಾಗ ಇಬ್ಬರು ಗಂಡಸರು. ಒಬ್ರಿಗೆ ಬಿ.ಪಿ., ಉಪ್ಪು ಬ್ಯಾಡಂತಾರ. ಇವನಿಗೆ ಹೊಟ್ಟಿ ಉರಿ, ಖಾರ ಬ್ಯಾಡಂತಾನ. ಹಬ್ಬಕ್ಕ ಹೋಳಿಗಿ ಮಾಡಿದ್ರ ಮಾಡಿದಾಕಿ ನಾನ, ತಿನ್ನಾಕಿ ನಾನ. ಉಣ್ಣೋ ಸೊಸಿ ಬರ್ತೀನಿ ಅಂದ್ರ ಒಲ್ಲೆ ಅಂತೀನೇನ್ರಿ? ಎಲಿ ಅಡಕಿ ತರಿಸ್ರಿ!"

ಮದುವೆ ಆಯಿತು. ಕೆಲವು ತಿಂಗಳ ಮೇಲೆ ಹುಡುಗಿ ತವರಿಗೆ ಬಂದಾಗ ನನ್ನನ್ನು ನೋಡಲು ಬಂದಳು. ಮೊದಲು ಗುರುತೇ ಹತ್ತಲಿಲ್ಲ. ಕೆನ್ನೆ ತುಂಬಿಕೊಂಡು, ಬಳೆ ಬಿಗಿಯಾಗಿ, ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು.

"ಹೆಂಗದಿ ತಾಯಿ? ಅತ್ತಿ ಚಲೋ ನೋಡಿಕೊಳ್ತಾರ?"

"ಭಾಳ ಚಲೋ ನೋಡ್ಕೊಳ್ತಾರ್ರಿ" ಎಂದು ಕುರ್ಚಿಯಲ್ಲಿ ಕುಸಿದಳು. "ಹೋಳಿಗಿ ಮುಗಿಯೂದ್ರಾಗ ಕಡಬು, ಕಡಬು ಮುಗಿಯೂದ್ರಾಗ ಕರ್ಚಿಕಾಯಿ. ಸಾಕು ಅಂದ್ರ, 'ನಿಮ್ಮಪ್ಪ ಇಂಗ್ಲಿಷಿನ್ಯಾಗ ಹೇಳ್ಯಾನ, ನಾಚಿಕೋಬ್ಯಾಡ' ಅಂತಾರ. ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೀನಿ, ವೊರೇಷಿಯಸ್‌ಗೆ ವಿರುದ್ಧ ಪದ ಏನ್ರಿ? ಸಂಜೀ ಬಸ್ಸಿಗೆ ಹೋಗೂದ್ರಾಗ ಬೇಕು!"