ನಮ್ಮ ಜಗುಲಿಗೆ ಬಂದ ಟೆಂಟ್ ಸಿನಿಮಾ

ಹಾಸ್ಯ ಚಿತ್ರ ನೋಡಿ ಬಂದ ಗಂಡಸರನ್ನು ಕಂಡರೆ ನನಗೆ ಭಯ. ಗೋಳಿನ ಚಿತ್ರ ನೋಡಿದವರು ಬಂದು ಉಂಡು ಮಲಗುತ್ತಾರೆ. ನಗಿಸುವ ಚಿತ್ರ ನೋಡಿದವರು ಊರು ತಿದ್ದಲು ಹೊರಡುತ್ತಾರೆ. ಆ ದಿನ ಬೆಳಗ್ಗೆ ಎಲ್ಲ ಎಂದಿನಂತೆಯೇ ಇತ್ತು. ಹಂಡೆಯ ನೀರು ಕಾದಿತ್ತು, ನಾನು ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದ ಹಾಲು ಉಕ್ಕಿತ್ತು, ಯಜಮಾನರು ಕಿಟಕಿಗೆ ಕನ್ನಡಿ ಒರಗಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಒಂದು ಕೆನ್ನೆಯ ನೊರೆ ಹಾಗೇ ಇರುವಾಗ ಹೇಳಿದರು: "ವಿಮಲಾಗೆ ಬೇರೆ ಮನೆ ನೋಡ್ಕೊಳಾಕೆ ಹೇಳ್ಬಿಡು. ಬೀದಿಯೋರೆಲ್ಲ ಆಡ್ಕೊಳ್ತಿದಾರೆ. ನಾನು ಹೇಳಿದ್ರೆ ಚೆಂದ ಇರಲ್ಲ."

ವಿಮಲಾ ನಮ್ಮ ಚನ್ನಗಿರಿ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಗಂಡ ಬೇರೆ ಸಂಸಾರ ಹೂಡಿ ಎಷ್ಟೋ ಕಾಲವಾಗಿತ್ತು. ಬೀದಿಯ ಹೆಂಗಸರ ರವಿಕೆಗಳೆಲ್ಲ ಅವಳ ಹೊಲಿಗೆ ಯಂತ್ರದಿಂದಲೇ ಇಳಿಯಬೇಕು. ಅವಳ ಅನ್ನವೂ ಅದರಿಂದಲೇ. ಪ್ರತಿ ಭಾನುವಾರ ಜಗಳೂರು ಬಸ್ಸಿನ ಕಂಡಕ್ಟರ್ ತಿಪ್ಪೇಸ್ವಾಮಿ, ಹೆಂಡತಿ ತೀರಿಕೊಂಡವರು, ಟವೆಲಿನಲ್ಲಿ ಶೇಂಗಾ ಕಟ್ಟಿಕೊಂಡು ಬರುತ್ತಿದ್ದರು. ಇಬ್ಬರೂ ನಮ್ಮ ಜಗುಲಿಯ ಮೇಲೆ ನಡುವೆ ಮೊರವಿಟ್ಟುಕೊಂಡು ಸುಲಿಯುತ್ತಿದ್ದರು. ಎದ್ದು ಹೋಗುವಾಗ ಸಿಪ್ಪೆಯನ್ನು ತಿಪ್ಪೇಸ್ವಾಮಿಯೇ ಗುಡಿಸುತ್ತಿದ್ದರು. ಗಂಡಸೊಬ್ಬ ಪೊರಕೆ ಹಿಡಿದದ್ದು ಬಿಟ್ಟರೆ ಬೇರಾವ ಅನಾಚಾರವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೀದಿಯವರ ಕಣ್ಣಿಗೂ ಬಿದ್ದಿರಲಿಲ್ಲ, ಟೆಂಟಿಗೆ ಆ ಚಿತ್ರ ಬರುವವರೆಗೆ.

ಒಬ್ಬಳು ಹೆಂಡತಿ, ಇಬ್ಬರು ಗಂಡಂದಿರು, ಇಡೀ ಚಿತ್ರಕ್ಕೆ ಒಂದೇ ಸೋಫಾ. ದುಡ್ಡೆಲ್ಲ ಮಳೆಗೇ ಖರ್ಚಾಗಿರಬೇಕು. ಮಳೆ ಬಂದಾಗಲೆಲ್ಲ ನಾಯಕಿಯೊಬ್ಬಳೇ ನೆನೆಯುತ್ತಿದ್ದಳು. ಗಂಡಂದಿರಿಗೆ ಕೊಡೆ ಇತ್ತು. ನಮ್ಮ ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಮಟ್ಟದ ಗೋಡೆ. ಪರದೆ ಒಂದೇ ಆದರೂ ನಗು ಒಟ್ಟಿಗೆ ಬರುತ್ತಿರಲಿಲ್ಲ. ಆಕೆ ನೆನೆದಾಗ ಆ ಕಡೆ ಸಿಳ್ಳೆ, ಈ ಕಡೆ ಸೆರಗು ಸರಿಮಾಡಿಕೊಳ್ಳುವ ಸದ್ದು. ದೋಸೆ ಹಿಟ್ಟು ರುಬ್ಬುವ ಸರದಿ ಯಾರದೆಂದು ಗಂಡಂದಿರು ಕಿತ್ತಾಡಿದಾಗ ಈ ಕಡೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆ ಕಡೆ ಬೀಡಿ ಹಚ್ಚಲು ಕಡ್ಡಿ ಗೀರಿದ್ದು ಮಾತ್ರ ಕೇಳಿಸಿತು. ಕೊನೆಗೆ ಎಲ್ಲಿಂದಲೋ ಒಂದು ಲಾರಿ ಬಂದು ನಾಯಕಿಯನ್ನು ಮುಗಿಸಿತು. ಗಂಡಂದಿರಿಬ್ಬರೂ ತಬ್ಬಿಕೊಂಡು ಗೆಳೆಯರಾದರು.

ನನ್ನ ಪಕ್ಕ ಕೂತಿದ್ದ ನೆರೆಮನೆಯ ಗಿರಿಜಮ್ಮ ಕೇಳಿದರು: "ಅಲ್ರೀ, ಇಷ್ಟೊತ್ತು ಎಲ್ಲಿ ನಿಂತಿತ್ರೀ ಆ ಲಾರಿ?"

ಹಿಂದಿನ ತಿಂಗಳು ಇದೇ ಟೆಂಟಿನಲ್ಲಿ ಇಬ್ಬರು ಹೆಂಡಿರ ಚಿತ್ರ ನಡೆದಿತ್ತು. ಅದರಲ್ಲಿ ಇಬ್ಬರೂ ಸೇರಿ ಗಂಡನ ಕಾಲೊತ್ತುವಲ್ಲಿಗೆ ಶುಭಂ. ಆ ರಸ್ತೆಗೆ ಲಾರಿ ಬಂದೇ ಇರಲಿಲ್ಲ.

ಈ ಚಿತ್ರ ಬಂದ ಮೇಲಿನ ಭಾನುವಾರ ತಿಪ್ಪೇಸ್ವಾಮಿ ಬಸ್ಸಿಳಿಯುತ್ತಲೇ ಹೋಟೆಲಿನ ಬೆಂಚಿನಿಂದ ಕೂಗು: "ಎರಡನೇ ಹೀರೋ ಬಂದ್ನಪ್ಪೋ!" ವಿಮಲಾ ತಲೆಯೆತ್ತದೆ ಹೊಲಿದಳು. ಕೂಗಿದವರ ನಡುವೆ ಕೂತು ನಕ್ಕವರು ಅಕ್ಕಿ ಗಿರಣಿಯ ರುದ್ರಪ್ಪನವರು. ಅವರ ಹಿರಿಯ ಹೆಂಡತಿ ನಮ್ಮ ಬೀದಿಯಲ್ಲಿ, ಕಿರಿಯವಳು ನ್ಯಾಮತಿಯಲ್ಲಿ. ನಮ್ಮ ಯಜಮಾನರ ಕಿವಿಯಲ್ಲಿ "ಸಂಸಾರಸ್ಥರ ಬೀದಿ ನೋಡ್ರಿ ಇದು" ಎಂದು ಊದಿದವರೂ ಅವರೇ.

"ಹಾಗಾದ್ರೆ ರುದ್ರಪ್ಪನವರಿಗೂ ಬೇರೆ ಬೀದಿ ನೋಡ್ಕೊಳಿ ಅಂತೀರಾ?" ಎಂದೆ ಆ ಬೆಳಗ್ಗೆ, ನೊರೆ ಮೆತ್ತಿದ ಕೆನ್ನೆಗೆ.

"ಅವರ ವಿಷಯ ಬೇರೆ ಕಣೇ. ಅವರು ಇಬ್ಬರನ್ನೂ ಸಾಕ್ತಾರೆ."

"ವಿಮಲಾನ ಯಾರೂ ಸಾಕ್ತಿಲ್ವಲ್ಲ."

"ಅದೇ ನೋಡು ತೊಂದರೆ," ಎಂದು ಇನ್ನೊಂದು ಕೆನ್ನೆಗೆ ಕತ್ತಿ ಹಚ್ಚಿದರು.

ಉತ್ತರ ಹೊಳೆಯುವಷ್ಟರಲ್ಲಿ ಅವರು ಆಫೀಸಿಗೆ ಹೋಗಿಯಾಗಿತ್ತು. ನನಗೆ ಉತ್ತರಗಳು ಹೊಳೆಯುವುದು ಪಾತ್ರೆ ತೊಳೆಯುವಾಗ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನು ವರ್ಷವಿಡೀ ಕಲಿಸಿದ್ದರು. ಮಧ್ಯಾಹ್ನ ಕಾಫಿ ಲೋಟ ಹಿಡಿದು ವಿಮಲಾಳ ಕೋಣೆಗೆ ಹೋದೆ. ಈ ಕೋಣೆಯ ಮಾಡಿಗೆ ಹೊಸ ಹೆಂಚು ಹಾಕಿಸಬೇಕು ಎಂದೆ. ಮುಂದೆ ಚಳಿ ಎಂದೆ. ಹೊನ್ನಾಳಿಯ ನಿನ್ನಕ್ಕನ ಮನೆ ದೊಡ್ಡದಲ್ಲವೇ ಎಂದೆ. ಒಂದು ಕೆಟ್ಟ ಮಾತಿಲ್ಲ, ಒಂದು ಗಡಸು ಸ್ವರವಿಲ್ಲ. ಅವಳು ಯಂತ್ರ ನಿಲ್ಲಿಸಿ, "ನಿಮ್ಮ ರವಿಕೆಗೆ ಹುಕ್ಕು ಹಾಕೋದೈತಕ್ಕಾ, ಹಾಕಿಕೊಟ್ಟೇ ಹೋಗ್ತೀನಿ" ಎಂದಳು. ಹಾಕಿಕೊಟ್ಟಳು. ನಾಲ್ಕರ ಹೊನ್ನಾಳಿ ಬಸ್ಸಿನ ತಲೆ ಮೇಲೆ ಯಂತ್ರ ಕಟ್ಟಿಸಿಕೊಂಡು ಹೋದಳು. ಅಲ್ಲಿ ಅವಳ ಹೊಲಿಗೆ ಗೊತ್ತಿರುವ ಒಬ್ಬ ಹೆಂಗಸೂ ಇಲ್ಲ.

ಯಜಮಾನರು ಬಂದು ಖಾಲಿ ಕೋಣೆ ನೋಡಿ, "ಗಲಾಟೆ ಇಲ್ದೆ ಮುಗೀತಲ್ಲ" ಎಂದು ಮೆಚ್ಚಿಕೊಂಡರು. ಅವರಿಗಿಂತ ನಾನು ಎಷ್ಟೋ ವಾಸಿ, ಅವಳ ಮನಸ್ಸು ನೋಯಿಸಲಿಲ್ಲ ಎಂದು ನಾನೂ ಒಳಗೊಳಗೇ ಮೆಚ್ಚಿಕೊಂಡೆ.

ಸಂಜೆ ಗಿರಿಜಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಲೋಟ ತುಂಬಿಸಿಕೊಂಡು, ಹೊಸ್ತಿಲು ದಾಟುತ್ತಾ ಅಂದರು: "ಬಸ್ ಸ್ಟ್ಯಾಂಡಿನಾಗೆ ವಿಮಲಾ ಸಿಕ್ಕಿದ್ಲು ಕಣ್ರೀ. ಬೈದು ಹೋಗು ಅಂದಿದ್ರೆ ನಾಕು ಮಾತು ತಿರುಗಿಸಿ ಬೈದು, ಇಲ್ಲೇ ಇರ್ತಿದ್ಲಂತೆ. ನೀವು ಅಷ್ಟು ಮೆತ್ತಗೆ ಹೇಳಿದ್ರಂತಲ್ಲ, ಜಗಳ ಆಡಾಕೂ ಆಗ್ಲಿಲ್ಲಂತೆ ಪಾಪ."