ದೇವರ ಮುಂದಿನ ಮಣ್ಣಿನ ಕಡುಬು

ನಮ್ಮ ಕಾಕಾ ದೇವರಿಗೆ ಮಣ್ಣು ತಿನ್ನಿಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ಇದು ಬೈಗುಳವಲ್ಲ, ಅವರ ಮನೆಯ ನಿತ್ಯದ ನೈವೇದ್ಯ!

ಪಿಂಪ್ರಿಯ ಕಾರ್ಖಾನೆಯಲ್ಲಿ ಯಂತ್ರದ ಭಾಗಗಳಿಗೆ ಅಚ್ಚು ಮಾಡುತ್ತಿದ್ದ ಕಾಕಾ, ನಿವೃತ್ತರಾದ ಮೇಲೆ ಒಮ್ಮೆ ವಸ್ತುಸಂಗ್ರಹಾಲಯಕ್ಕೆ ಹೋದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಉಗುರಿನಷ್ಟು ಮಣ್ಣಿನ ರೊಟ್ಟಿ, ಮಣ್ಣಿನ ಹಣ್ಣು. ಪ್ರಾಚೀನರು ಮನೆದೇವರ ಮುಂದೆ ಇಡುತ್ತಿದ್ದುದಂತೆ. ಅಷ್ಟೇ ಸಾಕಾಯಿತು. ಮರುದಿನದಿಂದ ಮಗರಪಟ್ಟಾದ ಫ್ಲ್ಯಾಟಿನ ಬಾಲ್ಕನಿಯೇ ದೇವರ ಅಡುಗೆಮನೆ.

"ಹಂಗಾರ ನನ್ನ ಅಡಿಗಿ ದೇವರಿಗೆ ಬ್ಯಾಡಾತೇನ್ರಿ?" ಎಂದರು ಕಾಕು.

"ದೇವರು ನೋಡತಾನ, ನಾ ತಿಂತೀನಿ. ಇಬ್ಬರಿಗೂ ನ್ಯಾಯ ಆತು."

ಕಾಕು ಸೋಲುವವರೇ? ಕಾಕಾನ ಮಣ್ಣಿನ ಕಡುಬಿನ ತಟ್ಟೆಯ ಪಕ್ಕದಲ್ಲೇ ತಮ್ಮ ಬಿಸಿ ಕಡುಬಿನ ತಟ್ಟೆಯನ್ನೂ ಇಡತೊಡಗಿದರು. ಎದುರು ಮನೆಯ ಮರಾಠಿ ಅಜ್ಜ ಒಂದು ದಿನ ಪ್ರಸಾದಕ್ಕೆ ಕೈಹಾಕಿದ್ದು ತಪ್ಪು ತಟ್ಟೆಗೆ. ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಹೆಣಗಿ, "ಜರಾ ಕಡಕ್ ಝಾಲಂಯ್, ವಹಿನಿ" ಎಂದರು; ಸ್ವಲ್ಪ ಗಟ್ಟಿಯಾಗಿದೆ ಅತ್ತಿಗೆ, ಅಂತ. ಗಟ್ಟಿಯಾದದ್ದು ಮಣ್ಣು, ಹೆಸರು ಕೆಟ್ಟದ್ದು ಕಾಕುವಿನದು! ಕಾಕಾನ ಜೊತೆ ಕಾಕು ಎಷ್ಟೋ ದಿನ ಮಾತು ಬಿಟ್ಟಿದ್ದರು.

ಹೋದ ವರ್ಷ ಕಾಕುವಿಗೆ ಲಕ್ವ ಹೊಡೆದು ಬಲಗೈ ಸುಮ್ಮನಾಯಿತು. ಈಗಲೇ ಆಡಿಸದಿದ್ದರೆ ಕೈ ಹೀಗೆಯೇ ಉಳಿದೀತು ಎಂದು ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. "ಚೆಂಡಾಟ ಆಡೂ ವಯಸ್ಸೇನ್ರಿ ಇದು?" ಎಂದು ಕಾಕು ಅದನ್ನು ಮುಟ್ಟಲೇ ಇಲ್ಲ. ಅಡುಗೆಮನೆಯ ಕಡೆ ನೋಡುವುದನ್ನೂ ಬಿಟ್ಟರು.

ಪಂಚಮಿಯ ಬೆಳಿಗ್ಗೆ ನಾನು ಹೋದಾಗ ಕಾಕಾ ಕಾಕುವಿನ ಮಂಚದ ಪಕ್ಕ ಹಸಿಮಣ್ಣಿನ ಕಡುಬು ಮಾಡುತ್ತಿದ್ದರು. ಜೀವಮಾನವಿಡೀ ಕೂದಲೆಳೆಯ ವ್ಯತ್ಯಾಸ ಸಹಿಸದ ಮನುಷ್ಯ ಅಂದು ಮಾಡಿದ್ದು ಹರಿದ ಚಪ್ಪಲಿಯಂಥ ಕಡುಬು. ಅದನ್ನು ಕಾಕುವಿನ ಬಲಗೈ ಹತ್ತಿರವೇ ಇಟ್ಟರು.

"ಇದೇನ್ರಿ? ನಿರಿಗಿ ಹಿಂಗ ಹಾಕತಾರೇನು?"

"ಇರಲಿ ಬಿಡು. ಎದುರು ಮನಿಯವರು ನೀ ಮಾಡಿದ್ದಂತ ತಿಳಕೋತಾರ."

ಕಾಕುವಿನ ಮುಖ ಕೆಂಪಾಯಿತು. ಬಲಗೈ ಬೆರಳು ನಡುಗಿ, ಮಣ್ಣಿನತ್ತ ತೆವಳಿ, ಅಂಚನ್ನು ಒತ್ತಿತು. ಒಂದೇ ಒಂದು ನಿರಿಗೆ.

ಕಾಕಾ ತಟ್ಟನೆ ದೇವರ ಕಡೆ ತಿರುಗಿಬಿಟ್ಟರು. ಅವರ ಹೆಗಲು ಅಲುಗುತ್ತಿತ್ತು. ನನಗೂ ಅಳು ಬಂತು.

ಬೆವರಿದ ಕಾಕು ದಿಂಬಿಗೊರಗಿ ಹೇಳಿದರು: "ಅದನ್ನ ಒಣಗಸಬ್ಯಾಡ್ರಿ. ಉಳಿದ ನಿರಿಗಿ ನಾಳೆ ಹಾಕತೀನಿ."