ಮೇಷ್ಟರ ಕಾರಿನ ನಾಲ್ಕು ವೈರು

ಶನಿವಾರ ಬೆಳಿಗ್ಗೆ ಎಂಟೂವರೆಗೆ ಗಣಿತದ ಮೇಷ್ಟರು ತಮ್ಮ ಕಾರಿನ ಬಾನೆಟ್ ಎತ್ತಿದರು. ಎತ್ತಿದವರು ಹಾಗೇ ನಿಂತುಬಿಟ್ಟರು. ಒಳಗಿದ್ದ ನಾಲ್ಕು ವೈರುಗಳಲ್ಲಿ ಮೂರು ತಮ್ಮ ಜಾಗದಲ್ಲಿರಲಿಲ್ಲ.

ವಿಷಯ ಇಷ್ಟೇ. ಆ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಒಂದೊಂದಕ್ಕೂ ಕಿಡಿ ಒಯ್ಯಲು ಒಂದೊಂದು ವೈರು. ನಾಲ್ಕೂ ವೈರುಗಳು ಬಂದು ಒಂದು ಕಪ್ಪು ಮುಚ್ಚಳಕ್ಕೆ ಸೇರುತ್ತವೆ. ಹೋದ ಭಾನುವಾರ ಮೇಷ್ಟರು ತಮ್ಮ ದುಂಡನೆಯ ಅಕ್ಷರದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿ ಬರೆದು, ವೈರುಗಳಿಗೆ ಅಂಟಿಸಿ, ಮುಚ್ಚಳದ ಸುತ್ತ ಸಾಲಾಗಿ ಸಿಕ್ಕಿಸಿದ್ದರು. ಈಗ ನೋಡಿದರೆ ಒಂದಾದ ಮೇಲೆ ಮೂರು, ಮೂರಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಎರಡು! ಇಪ್ಪತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಮನುಷ್ಯನ ಕಾರಿನಲ್ಲಿ ಇಂಥ ಅನ್ಯಾಯ ನಡೆದರೆ ಯಾರ ಪಿತ್ತ ತಾನೇ ನೆತ್ತಿಗೇರುವುದಿಲ್ಲ?

ಅದು ಅಂತಿಂಥ ಕಾರಲ್ಲ. ಮೇಲ್ಛಾವಣಿಯಿಲ್ಲದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಹಳೆಯ ಸ್ಪೋರ್ಟ್ಸ್ ಕಾರು. ಹನ್ನೊಂದು ವರ್ಷದ ಹಿಂದೆ ಗುಜರಿಯವನ ಹಿತ್ತಿಲಿನಿಂದ ಅದನ್ನು ಎಳೆಸಿಕೊಂಡು ಬಂದ ದಿನ, ಮೇಷ್ಟರ ಹೆಂಡತಿ ಬಾಗಿಲಲ್ಲಿ ನಿಂತು, "ಇದರಲ್ಲಿ ಕಾರು ಯಾವ ಭಾಗ ರೀ?" ಎಂದು ಕೇಳಿದ್ದಳು. ಅಂದಿನಿಂದ ಮೇಷ್ಟರ ಭಾನುವಾರಗಳೆಲ್ಲ ಮನೆ ಪಕ್ಕದ ಶೆಡ್ಡಿನ ಪಾಲಾದವು. ಮೊದಲ ಐದು ವರ್ಷ ಕಾರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಮೇಲಿನ ಆರು ವರ್ಷಗಳಲ್ಲಿ ಮಾತ್ರ ಕೆಲಸ ಹೂವೆತ್ತಿದ ಹಾಗೆ ಸಾಗಿತು. ಅನುಭವ ಅಂದರೆ ಇದೇ ಎಂದು ಮೇಷ್ಟರು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ಕೇಳಿದವರು ನಗುತ್ತಿದ್ದರು. ಹನ್ನೊಂದು ವರ್ಷವೂ ನಕ್ಕಿದ್ದರು.

ನಿನ್ನೆ ಸಂಜೆ ಆ ನಗು ನಿಂತಿತ್ತು. ಶಾಲೆಯಿಂದ ಬಂದ ಮೇಷ್ಟರು ಸುಮ್ಮನೆ ಕೀಲಿ ತಿರುಗಿಸಿದರೆ ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮೇಷ್ಟರು ಕುಣಿದರು. ಮುಖ್ಯೋಪಾಧ್ಯಾಯರಿಗೆ ಫೋನು ಹೋಯಿತು. ನಾಳೆ ಭಾನುವಾರ ಹಳೆ ಕಾರುಗಳ ಸಂಘದ ಮೆರವಣಿಗೆ. ಒಂಬತ್ತನೇ ತರಗತಿಯ ಮಕ್ಕಳೂ ಮಾಸ್ತರುಗಳೂ ರಸ್ತೆ ಬದಿಯಲ್ಲಿ ನಿಂತು ಕೈಬೀಸುವುದೆಂದು ತೀರ್ಮಾನವಾಯಿತು. ಉಳಿದಿದ್ದು ಇಷ್ಟೇ: ಇವತ್ತು ನಾಲ್ಕು ಗಂಟೆಗೆ ಸಂಘದ ಕಾರ್ಯದರ್ಶಿ ಮನೆಗೆ ಬಂದು, ಕಾರು ಓಡುವುದನ್ನು ಕಣ್ಣಾರೆ ಕಂಡು, ಚೀಟಿ ಬರೆದುಕೊಡಬೇಕು. ಅದಕ್ಕೆಂದೇ ಮೇಷ್ಟರು ರಜೆ ಹಾಕಿದ್ದರು. ಅಂಥ ದಿನವೇ ಈ ಕಿತಾಪತಿ.

"ಯಾರು ಇದನ್ನ ಮುಟ್ಟಿದ್ದು?" ಎಂದು ಅವರು ಶೆಡ್ಡಿನಿಂದಲೇ ಗುಡುಗಿದರು.

ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. "ಯಾವುದನ್ನ ರೀ?"

"ನನ್ನ ವೈರುಗಳನ್ನ! ನೋಡು, ಮೂರು ಅದಲು ಬದಲು!"

ಅವಳು ಬಾನೆಟ್ಟಿನೊಳಗೆ ಇಣುಕಿದಳು. ಒಮ್ಮೆ ಶೆಡ್ಡಿನ ಮೂಲೆಯ ಕಡೆ ನೋಡಿದಳು. "ನಿನ್ನೆ ಚೆನ್ನಾಗಿ ಓಡ್ತಲ್ಲ. ಹಾಗೇ ಬಿಟ್ಟುಬಿಡಿ."

"ನಿನ್ನೆ ಯಾಕೆ ಓಡ್ತು? ನಾನು ಹಾಕಿದ ಹಾಗೇ ಇತ್ತು, ಅದಕ್ಕೇ ಓಡ್ತು. ಬೆಳಗಾಗೋದರೊಳಗೆ ಯಾರೋ ಕೈ ಹಾಕಿದ್ದಾರೆ. ಇದಕ್ಕೆ ಬೇರೆ ಸಾಧನೆ ಬೇಕಾ?"

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ ಸ್ವೆಟರು ಹೆಣೆಯುತ್ತಿದ್ದರು. ಮಾವ ತೀರಿಕೊಂಡ ಮೇಲೆ, ಆರು ವರ್ಷದ ಹಿಂದೆ ಮಗಳ ಮನೆಗೆ ಬಂದವರು. ಮನೆಯಲ್ಲಿ ಅಷ್ಟು ಕೋಣೆಗಳಿದ್ದರೂ ಅವರಿಗೆ ಶೆಡ್ಡಿನ ತಂಪೇ ಬೇಕು. ಅವರ ಉಲ್ಲನ್ ಬುಟ್ಟಿ ಕಾರಿನ ಎಡ ಸೀಟಿನ ಮೇಲೇ ಇರಬೇಕು. ಕಾರ್ಬೊರೇಟರಿನ ತಿರುಪಿಗೆ ನೀಲಿ ಉಲ್ಲನ್ ಎಳೆ ಸುತ್ತಿಕೊಂಡಿದ್ದನ್ನು ಮೇಷ್ಟರು ಎಷ್ಟು ಸಲ ಬಿಡಿಸಿಲ್ಲ? ದೊಡ್ಡವರು ಎಂದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದರು.

"ಅಳಿಯಂದ್ರೇ," ಎಂದರು ಅತ್ತೆ ಮೆಲ್ಲಗೆ, "ಆ ವೈರು ಇದೆಯಲ್ಲ, ಅದು—"

"ಅತ್ತೆ, ಇದು ಸ್ವೆಟರಲ್ಲ," ಎಂದರು ಮೇಷ್ಟರು.

ಅತ್ತೆ ಮತ್ತೆ ಕಡ್ಡಿ ಆಡಿಸತೊಡಗಿದರು.

ಮೇಷ್ಟರ ಅನುಮಾನ ಮೊದಲು ಹೋಗಿದ್ದು ಕಾಂಪೌಂಡಿನ ಆಚೆಗೆ. ಅಲ್ಲಿದ್ದವರು ನಿವೃತ್ತ ಬಸ್ ಡ್ರೈವರು. ಬೀದಿಗೆಲ್ಲ ಬಸ್ ಮಾಮ. ಪ್ರತಿ ಭಾನುವಾರ ಗೋಡೆಗೆ ಗದ್ದ ಊರಿ, "ನಮ್ಮ ಬಸ್ಸಲ್ಲಿ ಹಾಗಿರಲಿಲ್ಲ ಮೇಷ್ಟ್ರೇ" ಎನ್ನುತ್ತ ಪಕ್ಕದ ಮನೆಯ ಎಂಜಿನ್ನಿಗೆ ಮೂಗು ತೂರಿಸುವುದರಲ್ಲಿ ಎತ್ತಿದ ಕೈ. ಅವರು ಆಗ ತೊಳೆದ ಬಿಳಿ ಹಾಸಿಗೆ ಹೊದಿಕೆಗಳನ್ನು ಹಗ್ಗಕ್ಕೆ ಹರವುತ್ತಿದ್ದರು.

"ಮಾಮ, ನಿಜ ಹೇಳಿ. ನನ್ನ ಕಾರಿಗೆ ಕೈ ಹಾಕಿದ್ರಾ?"

ಬಸ್ ಮಾಮನ ಕೈಯಿಂದ ಕ್ಲಿಪ್ಪು ಬಿತ್ತು. "ನಾನಾ? ಮೂವತ್ತೆರಡು ವರ್ಷ ಬಸ್ ಓಡಿಸಿದ್ದೀನಿ ಸ್ವಾಮಿ, ಒಂದು ದಿನ ಬಾನೆಟ್ ಎತ್ತಿದವನಲ್ಲ! ಕೆಟ್ಟರೆ ಇಳಿದು ಪಕ್ಕಕ್ಕೆ ನಿಂತ್ಕೊಳ್ಳೋದು, ಅಷ್ಟೇ ನನ್ನ ಕೆಲಸ. ನನ್ನ ಮೇಲೇ ಕಳ್ಳತನದ ಆರೋಪಾನಾ?"

"ಹಾಗಾದ್ರೆ ಇಷ್ಟು ವರ್ಷ ಕೊಟ್ಟ ಸಲಹೆಗಳೆಲ್ಲ?"

"ಸಲಹೆ ಕೊಡೋಕೆ ಬಾನೆಟ್ ಯಾಕೆ ಎತ್ತಬೇಕು?"

ಮೇಷ್ಟರು ಬೆನ್ನು ತಿರುಗಿಸಿ ಶೆಡ್ಡಿಗೆ ನಡೆದರು. ಕೋಪ ಇಮ್ಮಡಿಯಾಗಿತ್ತು. ಬಸ್ ಮಾಮ ಮಾತ್ರ ಸುಮ್ಮನಾಗಲಿಲ್ಲ. ತನ್ನ ಮೇಲಿನ ಕಳಂಕ ಕಳೆದುಕೊಳ್ಳಲು ಬೀದಿಯ ನಾಲ್ಕು ಮನೆಗೂ ಹೋಗಿ ಸುದ್ದಿ ಮುಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಗೆ, ಮೇಷ್ಟರ ಕಾರಿನಿಂದ ಮೂರು ವೈರು ಕಳುವಾಗಿವೆ ಎಂಬ ಸುದ್ದಿ ಹಬ್ಬಿತ್ತು.

ಹನ್ನೆರಡಕ್ಕೆ ಶಾಲೆಯ ಡ್ರಾಯಿಂಗ್ ಮಾಸ್ತರು ಬಣ್ಣದ ಡಬ್ಬಿ ಹಿಡಿದು ಬಂದರು. ಬಾಗಿಲ ಮೇಲಿನ ಗೀಚುಗಳಿಗೆ ಕೆಂಪು ಹಚ್ಚಿಕೊಡುತ್ತೇನೆಂದು ಅವರೇ ಒಪ್ಪಿಕೊಂಡಿದ್ದರು. ಡಬ್ಬಿ ಕೆಳಗಿಡುವ ಮೊದಲೇ ವಿಚಾರಣೆ ಶುರುವಾಯಿತು.

"ನಿನ್ನೆ ಎಂಜಿನ್ ಶುರುವಾದಾಗ ಪಕ್ಕದಲ್ಲಿ ನಿಂತಿದ್ದವರು ನೀವೊಬ್ಬರೇ. ವೈರುಗಳನ್ನ ಬದಲಾಯಿಸಿದ್ರಾ?"

"ನಾನ್ಯಾಕೆ ಬದಲಾಯಿಸಲಿ?"

"ನೋಡೋಕೆ ಚೆನ್ನಾಗಿರಲಿ ಅಂತ! ನಿಮಗೆ ಎಲ್ಲದರಲ್ಲೂ ಅಂದ ಚೆಂದ ಬೇಕಲ್ಲ!"

ಡ್ರಾಯಿಂಗ್ ಮಾಸ್ತರು ಬಾನೆಟ್ಟಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದರು. "ಹೌದು ಮೇಷ್ಟ್ರೇ, ಹೀಗೇ ಅಂದವಾಗಿದೆ. ಯಾರೋ ತಿಳಿದವರೇ ಮಾಡಿದ್ದಾರೆ."

ಮೇಷ್ಟರು ಕೈ ಬೀಸಿದ ರಭಸಕ್ಕೆ ಡಬ್ಬಿ ಮಗುಚಿಕೊಂಡಿತು. ಬಣ್ಣ ಬಾಗಿಲಿನ ಮೇಲೆ ಒಂದು ತೊಟ್ಟೂ ಬೀಳದೆ ಮೇಷ್ಟರ ಬಲಗಾಲಿನ ಪ್ಯಾಂಟಿನ ಮೇಲೆ ಮೊಣಕಾಲಿನಿಂದ ಪಾದದವರೆಗೆ ಇಳಿಯಿತು. ಬದಲಾಯಿಸಿಕೊಂಡು ಬನ್ನಿ ಎಂದು ಹೆಂಡತಿ ಗೋಗರೆದಳು. ಆದರೆ ಒಳಗೆ ಹೋದರೆ ಆ ಎರಡು ನಿಮಿಷದಲ್ಲಿ ಇನ್ಯಾರು ಏನು ಮಾಡಿಬಿಡುತ್ತಾರೋ! ಮೇಷ್ಟರು ಜೇಬಿನಿಂದ ಸೀಮೆಸುಣ್ಣ ತೆಗೆದು ಕಾರಿನ ಸುತ್ತ ಒಂದು ಗೆರೆ ಎಳೆದರು.

"ಈ ಗೆರೆ ದಾಟಿದವರ ಜೊತೆ ಈ ಜನ್ಮದಲ್ಲಿ ನನಗೆ ಮಾತಿಲ್ಲ," ಎಂದು ಘೋಷಿಸಿದರು.

ಆಮೇಲೆ ಕೆಂಪು ಕಾಲನ್ನು ಎಳೆದುಕೊಂಡು ಗೆರೆಯೊಳಗೆ ನಿಂತು, ಮೂರು ವೈರುಗಳನ್ನೂ ಕಿತ್ತರು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು, ಮೂರಾದ ಮೇಲೆ ನಾಲ್ಕು ಎಂದು ತರಗತಿಗೆ ಕೇಳುವಷ್ಟು ಜೋರಾಗಿ ಹೇಳುತ್ತ ಸಿಕ್ಕಿಸಿದರು. ಗೆರೆಯಾಚೆಯಿಂದ ಅತ್ತೆ, "ಅಳಿಯಂದ್ರೇ, ಒಂದು ಮಾತು," ಎಂದರು. "ನಾಲ್ಕು ಗಂಟೆ ಕಳೀಲಿ ಅತ್ತೆ," ಎಂದರು ಮೇಷ್ಟರು. ಅರ್ಧ ಗಂಟೆಯಾದ ಮೇಲೆ ಅತ್ತೆ ಮತ್ತೆ ಬಾಯಿ ತೆರೆದರು. ಅಳಿಯ ನೋಡಿದ ನೋಟಕ್ಕೆ ಮತ್ತೆ ಮುಚ್ಚಿಕೊಂಡರು.

ನಾಲ್ಕಕ್ಕೆ ಸರಿಯಾಗಿ ಸಂಘದ ಕಾರ್ಯದರ್ಶಿ ಬಂದರು. ಬಡಕಲು ಮೈ, ದಪ್ಪ ಪುಸ್ತಕ. ವೈರು ಕಳ್ಳತನದ ಸುದ್ದಿಯಿಂದ ಆಗಲೇ ಬೀದಿಯೆಲ್ಲ ಗೇಟಿನ ಬಳಿ ನೆರೆದಿತ್ತು. ಕಾರ್ಯದರ್ಶಿ ಕಾರನ್ನು ಒಂದು ಸುತ್ತು ಹಾಕಿ, ಬಗ್ಗಿ, ಎದ್ದು, ಮೆಚ್ಚಿ ತಲೆದೂಗಿದರು. "ಬಹಳ ನಾಜೂಕು ಕೆಲಸ. ಮೇಷ್ಟ್ರೇ, ಸ್ಟಾರ್ಟ್ ಮಾಡಿ ನೋಡೋಣ."

ಮೇಷ್ಟರು ಸೀಟಿನಲ್ಲಿ ಕುಳಿತು, ಅಂಗಿಯ ಕಾಲರು ಸರಿಮಾಡಿಕೊಂಡು, ಕೀಲಿ ತಿರುಗಿಸಿದರು.

ಎಂಜಿನ್ನು ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದರು. ಢಂ! ಕಾರಿನ ಹಿಂಬದಿಯಿಂದ ಹೊರಟ ಮಸಿ ನೇರವಾಗಿ ಹೋಗಿ ಬಸ್ ಮಾಮನ ಬಿಳಿ ಹೊದಿಕೆಗಳ ಮೇಲೆ ಕುಳಿತಿತು. ಬಸ್ ಮಾಮ, "ಅಯ್ಯೋ!" ಎಂದು ಕಿರುಚಿದರು. ಮೇಷ್ಟರು ಹಲ್ಲು ಕಚ್ಚಿ ಮೂರನೇ ಸಲ ತಿರುಗಿಸಿದರು. ಈ ಸಲದ ಢಂ ಸದ್ದಿಗೆ ಸೈಲೆನ್ಸರಿನ ತುದಿಯೇ ಕಳಚಿಕೊಂಡು ಡ್ರಾಯಿಂಗ್ ಮಾಸ್ತರ ಕಾಲಬುಡಕ್ಕೆ ಉರುಳಿತು. ಕಾರ್ಯದರ್ಶಿ ಪುಸ್ತಕ ತಲೆಯ ಮೇಲಿಟ್ಟುಕೊಂಡು ಗೇಟಿನ ಕಂಬದ ಹಿಂದೆ ಸರಿದರು.

ಮೇಷ್ಟರು ಸೀಟಿನ ಮೇಲೆ ಎದ್ದು ನಿಂತರು. "ಇದು ಸಂಚು! ನಿನ್ನೆ ಓಡಿದ ಕಾರು ಇವತ್ತು ಓಡಲ್ಲ ಅಂದ್ರೆ ಏನರ್ಥ? ಈ ಬೀದಿಗೆ ನನ್ನ ಏಳಿಗೆ ಕಂಡರಾಗಲ್ಲ. ಹನ್ನೊಂದು ವರ್ಷ ನಕ್ಕರು, ಸಾಲದೂ ಅಂತ ಈಗ ಕೈಯನ್ನೂ ಹಾಕಿದರು. ಹಾಕಿದವರು ಧೈರ್ಯ ಇದ್ದರೆ ಮುಂದೆ ಬರಲಿ!"

ಅತ್ತೆ ಎದ್ದರು. ಹೆಣಿಗೆಯನ್ನು ಕುರ್ಚಿಯ ಮೇಲಿಟ್ಟು, ಕನ್ನಡಕ ಮೇಲೇರಿಸಿ, ಸೀಮೆಸುಣ್ಣದ ಗೆರೆ ದಾಟಿ ಬಂದರು. ಚೀಟಿಗಳ ಕಡೆ ನೋಡದೆ ಪಟಪಟನೆ ಮೂರು ವೈರು ಕಿತ್ತು ಸಿಕ್ಕಿಸಿದರು. ಎಡಗೈ ಚಾಚಿದರು. ಆ ಕೈಗೆ ಮೇಷ್ಟರ ಹೆಂಡತಿ, ಯಾವುದು ಎಂದು ಕೇಳದೆಯೇ ಒಂದು ಸ್ಪ್ಯಾನರು ಇಟ್ಟಳು. ಅತ್ತೆ ಅದರಿಂದ ಏನನ್ನೋ ಅರ್ಧ ಸುತ್ತು ಬಿಗಿದರು.

"ಈಗ ತಿರುಗಿಸಿ, ಅಳಿಯಂದ್ರೇ."

ಎಂಜಿನ್ನು ಹೊತ್ತಿಕೊಂಡಿತು. ಸೈಲೆನ್ಸರಿನ ತುದಿ ಇಲ್ಲದಿದ್ದರೂ ಅದರ ಸದ್ದು ಹೊಟ್ಟೆ ತುಂಬಿದ ಬೆಕ್ಕಿನದಾಗಿತ್ತು.

ಕಾರ್ಯದರ್ಶಿ ಕಂಬದ ಹಿಂದಿನಿಂದ ಈಚೆ ಬಂದರು. "ಅಮ್ಮಾ, ಇದು ನಿಮಗೆ ಹೇಗೆ ಗೊತ್ತು?"

"ಈ ಎಂಜಿನ್ನಲ್ಲಿ ಕಿಡಿ ಹಾರೋದೇ ಹೀಗಪ್ಪ. ಒಂದು, ಮೂರು, ನಾಲ್ಕು, ಎರಡು. ಸಾಲಾಗಿ ಕೊಟ್ಟರೆ ಒದೆಯತ್ತೆ," ಎಂದರು ಅತ್ತೆ. "ನಮ್ಮನೆಯವರದ್ದು ಲಾರಿ ಗ್ಯಾರೇಜು. ಅವರು ಮುಂದೆ ಕೂತು ಗಿರಾಕಿಗಳ ಹತ್ರ ಮಾತಾಡೋರು. ಹಿಂದೆ ಎಂಜಿನ್ ಬಿಚ್ಚಿ ಜೋಡಿಸ್ತಾ ಇದ್ದಿದ್ದು ನಾನು."

ಗ್ಯಾರೇಜಿನ ವಿಷಯ ಮೇಷ್ಟರಿಗೆ ಗೊತ್ತಿತ್ತು. ಹಿಂದೆ ಯಾರಿದ್ದರು ಎಂದು ಕೇಳುವ ಅಗತ್ಯ ಅವರಿಗೆ ಯಾವತ್ತೂ ಕಂಡಿರಲಿಲ್ಲ.

"ಮತ್ತೆ ಈ ಕಾರಿನ ಪಿಸ್ಟನ್ನು?" ಎಂದರು ಕಾರ್ಯದರ್ಶಿ.

"ನಾನೇ. ಮೂರು ವರ್ಷ ಆಯ್ತು."

"ಗೇರ್ ಪೆಟ್ಟಿಗೆ?"

ಅತ್ತೆ ಅಳಿಯನ ಮುಖ ನೋಡಿ, ಸಂಕೋಚದಿಂದ ತಲೆಯಾಡಿಸಿದರು.

ಮೇಷ್ಟರು ಸೀಟಿನ ಮೇಲೆ ದೊಪ್ಪನೆ ಕೂತರು. "ಹಾಗಾದ್ರೆ ನಾನು ಪ್ರತಿ ಭಾನುವಾರ ಮಾಡಿದ್ದು?"

ಹೆಂಡತಿ ಹತ್ತಿರ ಬಂದು ಮೆತ್ತಗೆ ಹೇಳಿದಳು: "ನೀವು ಭಾನುವಾರ ಮಾಡಿದ್ದನ್ನ ಅಮ್ಮ ಸೋಮವಾರ ಬಿಚ್ತಾ ಇದ್ದರು ರೀ."

"ಆರು ವರ್ಷ! ಆರು ವರ್ಷ ನನಗೊಂದು ಮಾತು ಹೇಳಲಿಲ್ಲ!" ಮೇಷ್ಟರು ಸ್ಟೀರಿಂಗನ್ನು ಗುದ್ದಿದರು. "ಅತ್ತೆ, ಯಾಕೆ ಹೇಳಲಿಲ್ಲ?"

"ಯಾವಾಗ ಹೇಳಲಿ? ನೀವು ಹೇಳ್ತಾ ಇದ್ದಿರಿ, ನಾನು ಕೇಳ್ತಾ ಇದ್ದೆ," ಎಂದರು ಅತ್ತೆ. ಅವರ ದನಿಯಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಮೇಷ್ಟರಿಗೆ ಅದೇ ಹೆಚ್ಚು ಉರಿಯಿತು.

ಕಾರ್ಯದರ್ಶಿ ಪುಸ್ತಕ ಬಿಡಿಸಿದರು. ಕಾರು ಪಾಸಾಗಿದೆ ಎಂದರು. ಬೀದಿ ಚಪ್ಪಾಳೆ ತಟ್ಟಿತು. ಆದರೆ ಸಂಘದ ನಿಯಮ ಒಂದಿದೆ. ಕಾರನ್ನು ಕೈಯಾರೆ ಕಟ್ಟಿದವರೇ ಮೆರವಣಿಗೆಯಲ್ಲಿ ಸ್ಟೀರಿಂಗ್ ಹಿಡಿಯಬೇಕು. ಅವರು ಅತ್ತೆಯ ಹೆಸರು ಕೇಳಿ ಬರೆದುಕೊಂಡರು. "ಪಕ್ಕದ ಸೀಟಿಗೆ ಸಹಾಯಕರು ಒಬ್ಬರು. ಯಾರ ಹೆಸರು ಬರೆಯಲಿ?"

ಮೇಷ್ಟರು ಲೆಕ್ಕ ಹಾಕಿದರು. ನಾಳೆ ರಸ್ತೆ ಬದಿಯಲ್ಲಿ ಮುಖ್ಯೋಪಾಧ್ಯಾಯರು ನಿಂತಿರುತ್ತಾರೆ. ಸ್ಟೀರಿಂಗ್ ಯಾವ ಕೈಯಲ್ಲಿದ್ದರೇನು, ಕಾರಿನಲ್ಲಿ ಮೇಷ್ಟರು ಕಂಡರೆ ಸಾಕು. ಇಷ್ಟೆಲ್ಲ ಅವಮಾನದ ಮೇಲೆ ಅಷ್ಟಾದರೂ ಅವರಿಗೆ ಸಲ್ಲಬೇಡವೇ? ಅವರು ಸಿಟ್ಟು ನುಂಗಿಕೊಂಡು, ಗಂಟಲು ಸರಿಮಾಡಿಕೊಂಡು ಅತ್ತೆಯ ಕಡೆ ನೋಡಿದರು.

ಅತ್ತೆ ಪ್ರಾಮಾಣಿಕರು. "ಮನೆಯವರು ಯಾರಾದ್ರೂ ಆಗತ್ತಾ, ಇಲ್ಲ ಸಹಾಯ ಮಾಡಿದೋರೇ ಆಗಬೇಕಾ?"

"ಸಹಾಯ ಮಾಡಿದೋರೇ ಆಗಬೇಕಮ್ಮ. ಸಹಿ ಹಾಕಬೇಕಾಗತ್ತೆ."

"ಹಾಗಾದ್ರೆ ಮಗಳ ಹೆಸರು ಬರ್ಕೊಳ್ಳಿ," ಎಂದರು ಅತ್ತೆ, ಅಳಿಯನ ಕಣ್ಣು ತಪ್ಪಿಸಿ.

ಬೀದಿಯನ್ನು ಒಂದು ಸುತ್ತು ಹಾಕಿ ತೋರಿಸಬೇಕಿತ್ತು. ಮೇಷ್ಟರು ಕಾರಿನಿಂದ ಇಳಿದರು. ಅತ್ತೆ ಸ್ಟೀರಿಂಗ್ ಹಿಡಿದು ಕೂತರು, ಪಕ್ಕದಲ್ಲಿ ಹೆಂಡತಿ ಕೈ ಒರೆಸಿಕೊಂಡು ಕೂತಳು. ಅತ್ತೆ ಕಾರನ್ನು ಗೇರಿಗೆ ಹಾಕಿ, ಗೇಟಿನವರೆಗೆ ತಂದು ನಿಲ್ಲಿಸಿದರು. ಜನ ಪಕ್ಕಕ್ಕೆ ಸರಿದರೂ ಗೇಟಿನ ಒಂದು ರೆಕ್ಕೆ ಮುಚ್ಚೇ ಇತ್ತು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಆ ಗೇಟು ಸ್ವಲ್ಪ ತೆಗೀತೀರಾ?"

ಮೇಷ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೋಗಿ ಗೇಟು ತೆಗೆದರು.